ಜಯನಗರ ವಿಧಾನಸಭಾ ಕ್ಷೇತ್ರದ ಚುನಾವಣಾ ಚರಿತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರದಲ್ಲಿ ಮನೆ ಇದ್ದರೆ ಜಯನಗರ ಕ್ಷೇತ್ರದ ಮತದಾರ ಅಂತಲೇ ತಾನೆ?

ಹಾಗೇನಿಲ್ಲ. ಈ ಕ್ಷೇತ್ರದ ಬಗ್ಗೆ ಆಗುವ ಅರ್ಧ ಗೊಂದಲ ಇಲ್ಲಿಂದಲೇ ಶುರು. 173ನೇ ಸಂಖ್ಯೆಯ ಜಯನಗರ ವಿಧಾನಸಭಾ ಕ್ಷೇತ್ರಕ್ಕೆ, ಹಿಂದಿನ ಬಿಬಿಎಂಪಿಯ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) 198 ವಾರ್ಡುಗಳ ಲೆಕ್ಕದಲ್ಲಿ, ಸೇರಿದ್ದು ಏಳು ವಾರ್ಡು: ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ. ಬರೀ ‘ಜಯನಗರ’ ಎಂಬ ಹೆಸರಿನ 153ನೇ ವಾರ್ಡು ಇದರಲ್ಲಿಲ್ಲ. ಅದು ಇದ್ದದ್ದು ಚಿಕ್ಕಪೇಟೆ ಕ್ಷೇತ್ರದಲ್ಲಿ. ಯಡಿಯೂರು ವಾರ್ಡು ಪದ್ಮನಾಭನಗರ ಕ್ಷೇತ್ರಕ್ಕೆ ಸೇರಿತ್ತು. 1948ರಲ್ಲಿ ಬಡಾವಣೆಗೆ ಅಡಿಗಲ್ಲು ಬಿದ್ದ ನೆನಪಿಗೆ ನಿಂತಿರುವ ಅಶೋಕ ಸ್ತಂಭದ ಕಡೆಯವರು ‘ನಾವೇ ಮೂಲ ಜಯನಗರದವರು’ ಎಂದರೆ ತಪ್ಪಲ್ಲ, ಆದರೆ ಶಾಸಕರ ವಿಷಯಕ್ಕೆ ಬಂದಾಗ ಆ ಮಾತು ನಡೆಯದು. ಇತ್ತ ಜೆ.ಪಿ. ನಗರ, ಸಾರಕ್ಕಿಯವರು ತಮ್ಮನ್ನು ಜಯನಗರದವರೆಂದು ಎಂದೂ ಕರೆದುಕೊಳ್ಳದಿದ್ದರೂ ಆರಿಸುವುದು ಜಯನಗರದ ಶಾಸಕರನ್ನು.

2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಅದರಿಂದ ವಾರ್ಡುಗಳ ಗಡಿ, ಹೆಸರು ಬದಲಾಗುತ್ತವೆಯೇ ಹೊರತು ವಿಧಾನಸಭಾ ಕ್ಷೇತ್ರದ ಗಡಿಯಲ್ಲ.

ಕ್ಷೇತ್ರ ಹುಟ್ಟಿದ್ದು ಯಾವಾಗ?

1978ರ ಚುನಾವಣೆಗೆ. ಆ ಸಲವೇ ವಿಧಾನಸಭೆಯ ಸ್ಥಾನಗಳು 216ರಿಂದ 224ಕ್ಕೆ ಏರಿದ್ದು. ಅದಕ್ಕೂ ಹಿಂದಿನ ಮೈಸೂರು ರಾಜ್ಯದ ಚುನಾವಣೆಗಳಲ್ಲಿ ಜಯನಗರದ ಹೆಸರು ಹುಡುಕಿ ಸಿಗಲಿಲ್ಲವೆಂದರೆ ನಿಮ್ಮ ತಪ್ಪೇನಿಲ್ಲ. ಆಗ ಈ ಹೆಸರಿನ ಕ್ಷೇತ್ರವೇ ಇರಲಿಲ್ಲ.

ಇಲ್ಲಿಯವರೆಗೆ ಗೆದ್ದವರು ಯಾರು?

ಹನ್ನೊಂದು ಚುನಾವಣೆ, ಐದೇ ಜನ. 1978, 1983, 1985ರಲ್ಲಿ ಜನತಾ ಪಕ್ಷದ ಎಂ. ಚಂದ್ರಶೇಖರ್. 1989, 1994, 1999, 2004ರಲ್ಲಿ ಕಾಂಗ್ರೆಸ್ಸಿನ ರಾಮಲಿಂಗಾರೆಡ್ಡಿ. 2008, 2013ರಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್. 2018ರಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ, ಇವರು ರಾಮಲಿಂಗಾರೆಡ್ಡಿಯವರ ಮಗಳು. 2023ರಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ.

2018ರ ತನಕ ಇಲ್ಲಿ ಒಮ್ಮೆ ಗೆದ್ದವರು ಮತ್ತೆ ಗೆಲ್ಲದೆ ಹೋದದ್ದಿಲ್ಲ. ಆ ರೂಢಿ ಮುರಿದದ್ದು 2023ರಲ್ಲಿ, ಅದೂ 16 ಮತಗಳಿಂದ.

ರಾಜ್ಯದಲ್ಲಿ ಬೀಸುವ ಗಾಳಿಗೆ ಜಯನಗರ ತೂಗುತ್ತದೆಯೇ?

ಹಲವು ಸಲ ತೂಗಿಲ್ಲ. ಈ ಕ್ಷೇತ್ರದ ಚರಿತ್ರೆಯಲ್ಲಿ ಗಮನಿಸಬೇಕಾದ್ದು ಇದೇ ಎನ್ನುವುದು ನಮ್ಮ ಅಭಿಪ್ರಾಯ. 1978ರಲ್ಲಿ ದೇವರಾಜ ಅರಸು ನೇತೃತ್ವದ ಇಂದಿರಾ ಕಾಂಗ್ರೆಸ್ 149 ಸ್ಥಾನ ಬಾಚಿಕೊಂಡಾಗ ಇಲ್ಲಿ ಗೆದ್ದದ್ದು ಜನತಾ ಪಕ್ಷ. 1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಕುಸಿದು, ಜನತಾದಳ 115, ಬಿಜೆಪಿ 40 ಗೆದ್ದು, ಮೂರನೆಯ ಪಕ್ಷವಾಗಿ ಉಳಿದಾಗಲೂ ಆ 34ರಲ್ಲಿ ಜಯನಗರ ಒಂದು. 2013ರಲ್ಲಿ ತಿರುಗುಮುರುಗು: ಬಿಜೆಪಿ 40ಕ್ಕೆ ಇಳಿದು ಕಾಂಗ್ರೆಸ್ 122 ಗೆದ್ದರೂ ವಿಜಯಕುಮಾರ್ 43,990 ಮತ ಪಡೆದು, ಕಾಂಗ್ರೆಸ್ಸಿನ ಎಂ.ಸಿ. ವೇಣುಗೋಪಾಲ್ ಎದುರು 12,312ರ ಅಂತರದಲ್ಲಿ ಗೆದ್ದರು. 2023ರಲ್ಲಿ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66. ಆ 66ರ ಕೊನೆಯ ಒಂದು ಈ ಜಯನಗರ. ಅದರ ಫಲಿತಾಂಶ ತಡವಾದ್ದರಿಂದಲೇ ಕೆಲವು ಪತ್ರಿಕೆಗಳಲ್ಲಿ 136–65 ಎಂಬ ಲೆಕ್ಕ ಇವತ್ತಿಗೂ ಉಳಿದುಕೊಂಡಿದೆ.

ಆದರೆ 1983, 1985, 1989, 1999, 2008ರಲ್ಲಿ ರಾಜ್ಯದ ಅಧಿಕಾರ ಹೋದ ಕಡೆಗೇ ಜಯನಗರವೂ ಹೋಗಿತ್ತು. ಹಾಗಾಗಿ ‘ಸದಾ ವಿರೋಧಿ ಕ್ಷೇತ್ರ’ ಎಂದು ಹಣೆಪಟ್ಟಿ ಹಚ್ಚುವುದೂ ಸರಿಯಾಗದು. ಇಲ್ಲಿ ಪಕ್ಷದಷ್ಟೇ ಅಭ್ಯರ್ಥಿಯ ಹಿಡಿತ ಕೆಲಸ ಮಾಡಿದೆ. ಒಬ್ಬರೇ ನಾಲ್ಕು ಸಲ, ಮೂರು ಸಲ ಗೆದ್ದ ಪಟ್ಟಿಯೇ ಅದನ್ನು ಹೇಳುತ್ತದೆ.

ಸತತ ನಾಲ್ಕು ಸಲ ಗೆದ್ದ ರಾಮಲಿಂಗಾರೆಡ್ಡಿ 2008ರಲ್ಲಿ ಇಲ್ಲಿ ನಿಲ್ಲಲಿಲ್ಲವೇಕೆ?

ಕ್ಷೇತ್ರ ಪುನರ್‌ವಿಂಗಡಣೆ. 2001ರ ಜನಗಣತಿ ಆಧರಿಸಿ ಗಡಿಗಳನ್ನು ಹೊಸದಾಗಿ ಎಳೆದ ಮೇಲೆ ಚುನಾವಣೆಗೆ ಹೋದ ಮೊದಲ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ. ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ ಸಿಕ್ಕವು. ಬಿನ್ನಿಪೇಟೆ, ಜಯಮಹಲ್, ಭಾರತಿನಗರ, ಉತ್ತರಹಳ್ಳಿ ಎಂಬ ಹೆಸರುಗಳು ಅಳಿಸಿಹೋದವು. ಹೊಸದಾಗಿ ಬಂದವುಗಳಲ್ಲಿ ಬಿ.ಟಿ.ಎಂ. ಲೇಔಟ್ ಒಂದು. ರಾಮಲಿಂಗಾರೆಡ್ಡಿ ಅಲ್ಲಿಗೆ ಹೋದರು, 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳನ್ನು ಅಲ್ಲಿಂದಲೇ ಗೆದ್ದರು.

ಇದರಿಂದ ಒಂದು ಎಚ್ಚರಿಕೆ: 2004ರ ಜಯನಗರದ ಮತಗಳನ್ನು 2008ರ ಜಯನಗರದ ಮತಗಳ ಪಕ್ಕದಲ್ಲಿಟ್ಟು ‘ಕಾಂಗ್ರೆಸ್ಸಿಗೆ ಇಷ್ಟು ಕುಸಿತ, ಬಿಜೆಪಿಗೆ ಇಷ್ಟು ಏರಿಕೆ’ ಎಂದು ಬರೆಯಬೇಡಿ. ಹೆಸರು ಒಂದೇ, ಮತದಾರರು ಬೇರೆ. 2008ರಿಂದ ಈಚೆಗಿನ ನಾಲ್ಕು ಚುನಾವಣೆಗಳನ್ನು ಒಂದರೊಡನೊಂದು ಹೋಲಿಸಬಹುದು. ಹಿಂದಿನವನ್ನು ಬೇರೆಯಾಗಿಯೇ ನೋಡಬೇಕು.

2018ರಲ್ಲಿ ಇಡೀ ರಾಜ್ಯ ಮೇ 12ರಂದು ಮತ ಹಾಕಿತು, ಜಯನಗರ ಜೂನ್ 11ರಂದು. ಕಾರಣವೇನು?

ಆಗಿನ ಶಾಸಕರೂ ಬಿಜೆಪಿ ಅಭ್ಯರ್ಥಿಯೂ ಆಗಿದ್ದ ವಿಜಯಕುಮಾರ್ ಪ್ರಚಾರದಲ್ಲಿದ್ದಾಗ ಕುಸಿದುಬಿದ್ದು, ಮೇ 4ರ ನಸುಕಿನಲ್ಲಿ ತೀರಿಕೊಂಡರು. ಮತದಾನಕ್ಕೆ ಉಳಿದದ್ದು ಎಂಟೇ ದಿನ.

ಇಂಥ ಹೊತ್ತಿನಲ್ಲಿ ಅನ್ವಯಿಸುವುದು 1951ರ ಜನಪ್ರತಿನಿಧಿ ಕಾಯ್ದೆಯ 52ನೇ ಸೆಕ್ಷನ್. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನ ಶುರುವಾಗುವ ಮೊದಲು ತೀರಿಕೊಂಡರೆ ಚುನಾವಣಾಧಿಕಾರಿ ಆ ಕ್ಷೇತ್ರದ ಮತದಾನ ಮುಂದೂಡಿ ಚುನಾವಣಾ ಆಯೋಗಕ್ಕೆ ವರದಿ ಕೊಡುತ್ತಾರೆ. ಆ ಪಕ್ಷಕ್ಕೆ ಮಾತ್ರ ಬೇರೆ ಅಭ್ಯರ್ಥಿಯನ್ನು ಹೆಸರಿಸಲು ಏಳು ದಿನ ಸಿಗುತ್ತದೆ. ಕಣದಲ್ಲಿ ಆಗಲೇ ಇರುವ ಉಳಿದವರು ಮತ್ತೆ ನಾಮಪತ್ರ ಹಾಕಬೇಕಿಲ್ಲ. ಹೊಸ ನಾಮಪತ್ರದ ಪರಿಶೀಲನೆ ಮುಗಿದು, ಪಟ್ಟಿ ಮತ್ತೆ ಪ್ರಕಟವಾಗಿ, ಹೊಸ ಮತಪತ್ರ ಇವಿಎಂಗೆ ಏರುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ಪಕ್ಷೇತರ ಅಭ್ಯರ್ಥಿ ತೀರಿಕೊಂಡರೆ ಈಗ ಮತದಾನ ನಿಲ್ಲುವುದಿಲ್ಲ. ಹಿಂದೆ ನಿಲ್ಲುತ್ತಿತ್ತು, 1990ರ ದಶಕದಲ್ಲಿ ಕಾಯ್ದೆ ತಿದ್ದಿ ಅದನ್ನು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು.

ಅದೇ ವರ್ಷ ರಾಜರಾಜೇಶ್ವರಿ ನಗರದಲ್ಲೂ ಮತದಾನ ಮೇ 28ಕ್ಕೆ ಹೋಯಿತು. ಅಲ್ಲಿನ ಕಾರಣ ಬೇರೆ: ಜಾಲಹಳ್ಳಿಯ ಫ್ಲಾಟೊಂದರಲ್ಲಿ ಸಾವಿರಾರು ಮತದಾರರ ಗುರುತಿನ ಚೀಟಿ ಸಿಕ್ಕಿದ್ದವು. ಈ ಎರಡು ಬಿಟ್ಟು ಮೇ 12ರಂದು ಮತದಾನ ಆದದ್ದು 222 ಕಡೆ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಎಂಬ ಲೆಕ್ಕ ಆ 222ರದ್ದು.

ಆ ಒಂದು ತಿಂಗಳ ವ್ಯತ್ಯಾಸದಿಂದ ಫಲಿತಾಂಶಕ್ಕೆ ಏನಾದರೂ ಆಯಿತೇ?

ಸನ್ನಿವೇಶವಂತೂ ಬದಲಾಯಿತು. ಮೇ 12ರಂದು ಮತ ಹಾಕಿದವರಿಗೆ ಸರ್ಕಾರ ಯಾರದ್ದಾಗುತ್ತದೆ ಎಂದು ಗೊತ್ತಿರಲಿಲ್ಲ. ಜೂನ್ 11ರಂದು ಜಯನಗರದವರು ಬೂತಿಗೆ ಹೋಗುವಾಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಮೂರು ವಾರ ಆಗುತ್ತ ಬಂದಿತ್ತು. ಮೈತ್ರಿಯ ಕಾರಣಕ್ಕೆ ಜೆಡಿಎಸ್ ಅಭ್ಯರ್ಥಿ ಕಣದಿಂದ ಸರಿದು ಕಾಂಗ್ರೆಸ್ಸಿಗೆ ಬೆಂಬಲ ಘೋಷಿಸಿದರು. ಬಿಜೆಪಿ ನಿಲ್ಲಿಸಿದ್ದು ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಅವರನ್ನು. ಜೂನ್ 13ರ ಎಣಿಕೆಯಲ್ಲಿ ಸೌಮ್ಯಾ ರೆಡ್ಡಿಗೆ 54,457, ಪ್ರಹ್ಲಾದ್ ಅವರಿಗೆ 51,568. ಅಂತರ 2,889. ಮತದಾನ ಶೇ 55ರ ಆಸುಪಾಸು.

ಮೇ 12ರಂದೇ ಆಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬ ಲೆಕ್ಕಾಚಾರ ಕಟ್ಟೆಯ ಮೇಲೆ ಕೂತು ಹಾಕಲು ಚೆನ್ನ. ತ್ರಿಕೋನ ಸ್ಪರ್ಧೆಯ ಬದಲು ನೇರ ಸ್ಪರ್ಧೆ ಆದದ್ದಂತೂ ನಿಜ.

ಕಣದಿಂದ ಸರಿದ ಅಭ್ಯರ್ಥಿಯ ಹೆಸರು ಇವಿಎಂನಲ್ಲಿ ಇರುತ್ತದೆಯೇ?

ನಾಮಪತ್ರ ವಾಪಸಿನ ಗಡುವು ಮುಗಿದ ಮೇಲೆ ಸರಿದರೆ ಇರುತ್ತದೆ, ಚಿಹ್ನೆಯ ಸಮೇತ. ‘ನನಗೆ ಮತ ಹಾಕಬೇಡಿ’ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರೂ ಕಾನೂನಿನ ದೃಷ್ಟಿಯಲ್ಲಿ ಅವರು ಅಭ್ಯರ್ಥಿಯೇ. ಬಿದ್ದ ಮತ ಅವರ ಲೆಕ್ಕಕ್ಕೇ ಹೋಗುತ್ತದೆ.

2023ರ 16 ಮತಗಳ ಕಥೆ ನಿಜವಾಗಿ ಏನು?

ಮೇ 10ರಂದು ಮತದಾನ, ಮೇ 13ರಂದು ಜಯನಗರ 4ನೇ ‘ಟಿ’ ಬ್ಲಾಕಿನ ಎಸ್‌ಎಸ್‌ಎಂಆರ್‌ವಿ ಕಾಲೇಜಿನಲ್ಲಿ ಎಣಿಕೆ. ಇವಿಎಂ ಸುತ್ತುಗಳು ಮುಗಿದಾಗ ಸೌಮ್ಯಾ ರೆಡ್ಡಿ ಅಲ್ಪ ಅಂತರದಿಂದ ಮುಂದಿದ್ದರು. ಬಿಜೆಪಿ ಕಡೆಯವರು ಮರುಎಣಿಕೆ ಕೇಳಿದರು. ಅಸಿಂಧು ಎಂದು ಬದಿಗಿಟ್ಟಿದ್ದ ಅಂಚೆ ಮತಪತ್ರಗಳ ಸುತ್ತ ಜಗಳ ಬೆಳೆಯಿತು. ಗೆಜೆಟೆಡ್ ಅಧಿಕಾರಿಯ ಸಹಿ-ಮೊಹರು ಸರಿಯಿಲ್ಲವೆಂದು ಮೊದಲು ತಿರಸ್ಕರಿಸಿದ್ದ ಮತಗಳನ್ನು ಆಮೇಲೆ ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು ಕಾಂಗ್ರೆಸ್ಸಿನ ಆಕ್ಷೇಪ. ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದವರು ಜಮಾಯಿಸಿದ್ದರು. ತಡರಾತ್ರಿ ಘೋಷಣೆಯಾದದ್ದು: ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781.

ಈ ಸಂಖ್ಯೆಗಳನ್ನು 2018ರ ಪಕ್ಕದಲ್ಲಿಟ್ಟು ನೋಡಿ. ಸೌಮ್ಯಾ ರೆಡ್ಡಿಗೆ ಹಿಂದಿನ ಸಲಕ್ಕಿಂತ 3,324 ಮತ ಹೆಚ್ಚೇ ಬಂದಿದ್ದವು. ‘ಮತ ಕಳೆದುಕೊಂಡು ಸೋತರು’ ಎಂದು ಬರೆದವರು ಲೆಕ್ಕ ನೋಡಿಲ್ಲ. ಬಿಜೆಪಿಗೆ ಹೆಚ್ಚಾದದ್ದು 6,229, ಅದೇ ವ್ಯತ್ಯಾಸ.

ಇದು ರಾಜ್ಯದಲ್ಲೇ ಅತಿ ಕಡಿಮೆ ಅಂತರವೇ?

2023ರ ಮಟ್ಟಿಗೆ ಹೌದು. ಚರಿತ್ರೆಯಲ್ಲಿ ಇದಕ್ಕೂ ಕಡಿಮೆ ಇದೆ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ.

ಅಂಚೆ ಮತ ಅಸಿಂಧು ಆಗುವುದು ಹೇಗೆ?

ಮತಪತ್ರಕ್ಕಿಂತ ಹೆಚ್ಚಾಗಿ ಅದರ ಜೊತೆಗಿನ ಕಾಗದದಿಂದ. ಚುನಾವಣಾ ಕೆಲಸದ ಸಿಬ್ಬಂದಿಗೆ ಕೊಡುವ ಅಂಚೆ ಮತದಲ್ಲಿ ಮುಖ್ಯವಾಗಿ ನಾಲ್ಕು ವಸ್ತುಗಳಿರುತ್ತವೆ: ಮತಪತ್ರ, 13ಎ ಘೋಷಣಾ ಪತ್ರ, 13ಬಿ ಎಂಬ ಚಿಕ್ಕ ಲಕೋಟೆ, 13ಸಿ ಎಂಬ ದೊಡ್ಡ ಲಕೋಟೆ. ಗುರುತು ಹಾಕಿದ ಮತಪತ್ರವನ್ನು ಚಿಕ್ಕ ಲಕೋಟೆಯಲ್ಲಿಟ್ಟು ಅಂಟಿಸಬೇಕು. ಆ ಲಕೋಟೆಯನ್ನೂ ಸಹಿ ಮಾಡಿ ದೃಢೀಕರಿಸಿದ ಘೋಷಣಾ ಪತ್ರವನ್ನೂ ಬೇರೆಬೇರೆಯಾಗಿ ದೊಡ್ಡ ಲಕೋಟೆಗೆ ಹಾಕಬೇಕು.

ಎಣಿಕೆ ಮೇಜಿನ ಮೇಲೆ ಮೊದಲು ಸೀಳುವುದು ದೊಡ್ಡದನ್ನು. ಘೋಷಣೆ ಹೊರಗೆ ಇಲ್ಲ, ಸಹಿ ಇಲ್ಲ, ದೃಢೀಕರಣ ಇಲ್ಲ, ಅಥವಾ ಘೋಷಣೆಯಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಯೂ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಯೂ ತಾಳೆಯಾಗಲಿಲ್ಲ ಎಂದರೆ ಚಿಕ್ಕ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಒಳಗೆ ಯಾರಿಗೆ ಮತ ಇದೆ ಎಂದು ಯಾರಿಗೂ ತಿಳಿಯದೆಯೇ ಅದು ತಿರಸ್ಕೃತ. ಬಹಳ ಜನ ಮಾಡುವ ತಪ್ಪೆಂದರೆ ಘೋಷಣಾ ಪತ್ರವನ್ನೂ ಚಿಕ್ಕ ಲಕೋಟೆಯೊಳಗೇ ತುರುಕಿ ಅಂಟಿಸುವುದು.

ಚಿಕ್ಕದನ್ನು ಬಿಚ್ಚಿದ ಮೇಲೆ ಇನ್ನಷ್ಟು ಕಾರಣಗಳು: ಗುರುತೇ ಇಲ್ಲದಿರುವುದು, ಇಬ್ಬರಿಗೆ ಗುರುತು, ಮತದಾರ ಯಾರೆಂದು ತಿಳಿಯುವಂತೆ ಹೆಸರೋ ಸಹಿಯೋ ಹಾಕಿರುವುದು. ಎಣಿಕೆಯ ದಿನ ಬೆಳಗ್ಗೆ ಎಣಿಕೆ ಶುರುವಾಗುವ ಗಂಟೆಯ ನಂತರ ತಲುಪಿದ್ದನ್ನಂತೂ ತೆಗೆಯುವುದೇ ಇಲ್ಲ. 2023ರಲ್ಲಿ 80 ದಾಟಿದವರಿಗೆ 12ಡಿ ಅರ್ಜಿಯ ಮೂಲಕ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಅವರ ಮನೆಗೆ ಸಿಬ್ಬಂದಿಯೇ ಹೋಗುವುದರಿಂದ ಇಂಥ ಎಡವಟ್ಟು ಕಡಿಮೆ.

ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ, ತಿರಸ್ಕರಿಸಿದ ಅಷ್ಟನ್ನೂ ಘೋಷಣೆಗೆ ಮುಂಚೆ ಮತ್ತೆ ಪರಿಶೀಲಿಸಲೇಬೇಕು, ಅದನ್ನು ವಿಡಿಯೊ ಮಾಡಬೇಕು ಎಂಬುದು ಆಯೋಗದ ಸೂಚನೆ. ಯಾರೂ ಅರ್ಜಿ ಕೊಡದಿದ್ದರೂ ಇದು ಕಡ್ಡಾಯ.

ಮತಯಂತ್ರದ ಎಣಿಕೆಯಲ್ಲಿ ತಪ್ಪಾಗುವುದಿಲ್ಲವೇ?

ಕೂಡುವುದರಲ್ಲಿ ತಪ್ಪಾಗುವುದು ಅಪರೂಪ, ಬೂತಿನಲ್ಲಿ ಆದ ಅಚಾತುರ್ಯ ಎಣಿಕೆಯ ದಿನ ಹೊರಬರುತ್ತದೆ. ಮುಖ್ಯವಾಗಿ ಎರಡು. ಬೆಳಗ್ಗೆ ಏಜೆಂಟರ ಮುಂದೆ ನಡೆಸುವ ಅಣಕು ಮತದಾನದ ಮತಗಳನ್ನು ಅಳಿಸದೆ ನಿಜವಾದ ಮತದಾನ ಶುರು ಮಾಡುವುದು ಒಂದು. ಯಂತ್ರ ತೋರಿಸುವ ಒಟ್ಟು ಮತವೂ ಮತಗಟ್ಟೆ ಅಧಿಕಾರಿ 17ಸಿ ನಮೂನೆಯಲ್ಲಿ ಬರೆದ ಒಟ್ಟು ಮತವೂ ಬೇರೆಯಾಗುವುದು ಇನ್ನೊಂದು. ಅಂಥ ಯಂತ್ರವನ್ನು ಬದಿಗಿಡುತ್ತಾರೆ. ಉಳಿದದ್ದೆಲ್ಲ ಮುಗಿದ ಮೇಲೆ ಗೆಲುವಿನ ಅಂತರ ಆ ಯಂತ್ರಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಅವನ್ನು ಮುಟ್ಟುವುದಿಲ್ಲ. ಕಡಿಮೆ ಇದ್ದರೆ ವಿವಿಪ್ಯಾಟ್ ಚೀಟಿಗಳನ್ನು (ಮತ ಹಾಕಿದಾಗ ಯಂತ್ರದ ಜೊತೆಗಿನ ಪೆಟ್ಟಿಗೆಯಲ್ಲಿ ಮುದ್ರಣವಾಗಿ ಬೀಳುವ ಚೀಟಿಗಳು) ಎಣಿಸುತ್ತಾರೆ. ಅಂತರ ಎರಡಂಕಿಗೆ ಇಳಿದಾಗ ಒಂದೇ ಒಂದು ಯಂತ್ರ ಬದಿಗಿದ್ದರೂ ಸಾಕು, ಫಲಿತಾಂಶ ಅದರ ಮೇಲೆ ನಿಲ್ಲುತ್ತದೆ.

ಇದಲ್ಲದೆ, 2019ರ ಸುಪ್ರೀಂ ಕೋರ್ಟ್ ಆದೇಶದಿಂದೀಚೆಗೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ.

ಮರುಎಣಿಕೆ ಯಾರು ಕೇಳಬಹುದು? ಎಷ್ಟು ಹೊತ್ತಿನೊಳಗೆ?

ಅಭ್ಯರ್ಥಿ, ಅವರ ಚುನಾವಣಾ ಏಜೆಂಟ್ ಅಥವಾ ಎಣಿಕೆ ಏಜೆಂಟ್. 1961ರ ಚುನಾವಣೆ ನಡೆಸುವ ನಿಯಮಗಳ 63ನೇ ನಿಯಮ ಇದಕ್ಕೆ ಆಧಾರ. ನಮೂನೆ 20ರಲ್ಲಿ ಒಟ್ಟು ತುಂಬಿ, ಪ್ರತಿಯೊಬ್ಬರ ಮತ ಓದಿ ಹೇಳಿದ ಮೇಲೆ ಚುನಾವಣಾಧಿಕಾರಿ ಒಂದೆರಡು ನಿಮಿಷ ಕಾಯುತ್ತಾರೆ. ಅರ್ಜಿ ಬೀಳಬೇಕಾದದ್ದು ಆ ಒಂದೆರಡು ನಿಮಿಷದಲ್ಲೇ, ಬರಹದಲ್ಲಿ, ಕಾರಣದ ಸಮೇತ. ‘ಅಂತರ ಕಡಿಮೆ ಇದೆ’ ಎಂಬುದಷ್ಟೇ ಕಾರಣವಾದರೆ ತಿರಸ್ಕರಿಸಬಹುದು. ಯಾವ ಸುತ್ತಿನಲ್ಲಿ, ಯಾವ ಮೇಜಿನಲ್ಲಿ, ಯಾವ ಮತಪತ್ರವನ್ನು ಏಕೆ ತಪ್ಪಾಗಿ ಪರಿಗಣಿಸಲಾಯಿತು ಎಂದು ಬರೆದ ಅರ್ಜಿಗೆ ತೂಕ ಹೆಚ್ಚು. ಅಧಿಕಾರಿ ಪೂರ್ತಿಯಾಗಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ನಿರಾಕರಿಸಬಹುದು. ಏನೇ ಮಾಡಿದರೂ ಕಾರಣ ದಾಖಲಿಸಬೇಕು. ನಮೂನೆಗೆ ಸಹಿ ಬಿದ್ದ ಮೇಲೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅರ್ಜಿಯ ಕರಡನ್ನು ಖಾಲಿ ಜಾಗ ಬಿಟ್ಟು ಮೊದಲೇ ಟೈಪು ಮಾಡಿಸಿಟ್ಟುಕೊಳ್ಳುವ ಏಜೆಂಟರು ಜಾಣರು.

ಎರಡೂ ಕಡೆ ಸಮ ಬಂದರೆ?

ಚೀಟಿ ಎತ್ತುವುದು. 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್. ಚೀಟಿ ಬಂದವರಿಗೆ ಒಂದು ಮತ ಹೆಚ್ಚು ಬಂದಿದೆ ಎಂದು ಭಾವಿಸಿ ಗೆದ್ದವರೆಂದು ಘೋಷಿಸುತ್ತಾರೆ.

ಫಲಿತಾಂಶದ ಮೇಲೆ ಕೋರ್ಟಿಗೆ ಹೋಗುವ ದಾರಿ ಯಾವುದು?

ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಫಲಿತಾಂಶದ ದಿನದಿಂದ 45 ದಿನದೊಳಗೆ ಸಲ್ಲಿಸಬೇಕು, ಭದ್ರತಾ ಠೇವಣಿ 2,000 ರೂಪಾಯಿ. ಆ ಕ್ಷೇತ್ರದ ಮತದಾರರೂ ಹಾಕಬಹುದು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ, ಆಚರಣೆಯಲ್ಲಿ ವರ್ಷಗಳು ಹಿಡಿಯುತ್ತವೆ. ತೀರ್ಪಿನ ಮೇಲೆ 30 ದಿನದಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. 2023ರ ಜಯನಗರದ ಫಲಿತಾಂಶವನ್ನೂ ಸೌಮ್ಯಾ ರೆಡ್ಡಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು.

2024ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಎರಡನೇ ಮತ್ತು ಮೂರನೇ ಸ್ಥಾನದವರು ಏಳು ದಿನದೊಳಗೆ ಬರೆದುಕೊಟ್ಟು, ವೆಚ್ಚ ಕಟ್ಟಿ, ಶೇ 5ರಷ್ಟು ಇವಿಎಂಗಳ ಮೆಮೊರಿ ಪರಿಶೀಲನೆ ಕೇಳಬಹುದು.

ನೋಟಾ ಸಂಖ್ಯೆ ಹಳೆಯ ಪಟ್ಟಿಯಲ್ಲಿ ಯಾಕಿಲ್ಲ?

ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ, ಬಂದದ್ದು 2013ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ರಾಜ್ಯದ ಚುನಾವಣೆ ಅದೇ ವರ್ಷದ ಮೇನಲ್ಲೇ ಮುಗಿದಿತ್ತು. ವಿಧಾನಸಭೆಯ ಲೆಕ್ಕದಲ್ಲಿ ಜಯನಗರಕ್ಕೆ ನೋಟಾ ಮೊದಲು ಕಂಡದ್ದು 2018ರಲ್ಲಿ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬೇಕು. ಆ ಲೆಕ್ಕಕ್ಕೆ ನೋಟಾ ಸೇರಿಸಬಾರದು.

ವಿಧಾನಸಭೆಯಲ್ಲಿ ಇಷ್ಟು ಹತ್ತಿರದ ಸ್ಪರ್ಧೆ. ಲೋಕಸಭೆಯಲ್ಲಿ?

ಜಯನಗರ ಬರುವುದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ. ಜೊತೆಗೆ ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಸವನಗುಡಿ, ಪದ್ಮನಾಭನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ. 2024ರಲ್ಲಿ ಅಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಸೌಮ್ಯಾ ರೆಡ್ಡಿಯವರನ್ನು. ಬಿಜೆಪಿಯ ತೇಜಸ್ವಿ ಸೂರ್ಯ 2,77,083 ಮತಗಳಿಂದ ಗೆದ್ದರು. ಒಂದು ವರ್ಷದ ಹಿಂದೆ 16ರಲ್ಲಿ ಸೋತವರು ಎಂಟು ಕ್ಷೇತ್ರ ಸೇರಿದಾಗ ಇಷ್ಟರಲ್ಲಿ. ವಿಧಾನಸಭೆಯ ಅಂತರದಿಂದ ಲೋಕಸಭೆಯನ್ನು ಊಹಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಬೂತುವಾರು ಮತ ನೋಡುವುದೆಲ್ಲಿ, ಓದುವುದು ಹೇಗೆ?

ಮುಖ್ಯ ಚುನಾವಣಾಧಿಕಾರಿಯವರ ಕರ್ನಾಟಕದ ಜಾಲತಾಣದಲ್ಲಿ ಆಯಾ ಚುನಾವಣೆಯ ನಮೂನೆ 20 ಸಿಗುತ್ತದೆ. 173ನೇ ಸಂಖ್ಯೆಯ ಕಡತ ಇಳಿಸಿಕೊಳ್ಳಿ. ಅಡ್ಡಸಾಲಿನಲ್ಲಿ ಅಭ್ಯರ್ಥಿಗಳು, ಉದ್ದಸಾಲಿನಲ್ಲಿ ಮತಗಟ್ಟೆ ಸಂಖ್ಯೆ, ತುದಿಯಲ್ಲಿ ಇವಿಎಂ ಒಟ್ಟು, ಅದರ ಕೆಳಗೆ ಅಂಚೆ ಮತ. ಬೂತುಗಳನ್ನು ಕೂಡಿದ ಮೊತ್ತ ಘೋಷಿತ ಮೊತ್ತಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ, ಅಂಚೆ ಮತದ ಸಾಲು ಬಿಟ್ಟಿರುತ್ತೀರಿ. ಒಂದು ಚುನಾವಣೆಯ 45ನೇ ಮತಗಟ್ಟೆ ಮುಂದಿನ ಚುನಾವಣೆಯ 45ನೆಯದೇ ಎಂದುಕೊಳ್ಳಬೇಡಿ. ಮತದಾರರು ಗೊತ್ತುಪಡಿಸಿದ ಮಿತಿ (2025ರ ತನಕ 1,500 ಇತ್ತು) ದಾಟಿದರೆ ಮತಗಟ್ಟೆ ಒಡೆದು ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ. ಕಟ್ಟಡದ ಹೆಸರು, ಬೀದಿಗಳ ಪಟ್ಟಿ ಹಿಡಿದು ಹೊಂದಿಸಿ.

ನನ್ನ ಹೆಸರು ಯಾವ ಕ್ಷೇತ್ರದಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ವಿಳಾಸ, ಪಿನ್‌ಕೋಡ್ ನಂಬಬೇಡಿ. ಆಯೋಗದ ಮತದಾರರ ಸೇವಾ ಜಾಲತಾಣದಲ್ಲಿ ಗುರುತಿನ ಚೀಟಿಯ ಹತ್ತು ಅಕ್ಷರಗಳ ಸಂಖ್ಯೆ ಹಾಕಿ ಹುಡುಕಿ. ಬರುವ ಪುಟದಲ್ಲಿ ಕ್ಷೇತ್ರ ಸಂಖ್ಯೆ 173 ಎಂದಿದ್ದರೆ ಜಯನಗರ, 169 ಚಿಕ್ಕಪೇಟೆ, 171 ಪದ್ಮನಾಭನಗರ, 172 ಬಿ.ಟಿ.ಎಂ. ಲೇಔಟ್. ಭಾಗ ಸಂಖ್ಯೆ, ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಗುರುತಿನ ಚೀಟಿ ಸಂಖ್ಯೆ ಬದಲಾಗದಿದ್ದರೂ ಇವೆರಡು ಪರಿಷ್ಕರಣೆಯಲ್ಲಿ ಬದಲಾಗುತ್ತವೆ. ಮನೆ ಬದಲಿಸಿದವರು, ಪಕ್ಕದ ಕ್ಷೇತ್ರಕ್ಕೇ ಹೋಗಿದ್ದರೂ, ತುಂಬಬೇಕಾದದ್ದು ನಮೂನೆ 8. ಹೊಸದಾಗಿ ನಮೂನೆ 6 ತುಂಬಿದರೆ ಹೆಸರು ಎರಡು ಕಡೆ ಸೇರಿ, ಕೊನೆಗೆ ಯಾವ ಕಡೆ ಉಳಿಯುತ್ತದೋ ಹೇಳಲಾಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕೆ ಹತ್ತು ದಿನವಾದರೂ ಮೊದಲು ಅರ್ಜಿ ಹಾಕಿ. ಪರಿಶೀಲನೆಗೆ ಅಷ್ಟು ಸಮಯ ಬೇಕೇ ಬೇಕು.